ಪ್ಯಾನೆಲ್ ಬಾಗಿಲ ಮೇಲೆ ಏನು ಬರೆದಿರಬೇಕು?

ಟ್ರಾನ್ಸ್‌ಫಾರ್ಮರ್ (ಟಿಸಿ) ಕಂಬದ ಮೇಲೆ, ಕಾರ್ಖಾನೆಯ ಪ್ಯಾನೆಲ್ ಮೇಲೆ ಕೆಂಪು ತಲೆಬುರುಡೆ, ಅಡ್ಡಮೂಳೆ ಬರೆದ ಬಿಳಿ ತಗಡನ್ನು ನೋಡದವರಿಲ್ಲ. ಆ ತಗಡಿಗೂ ಒಂದು ಭಾರತೀಯ ಮಾನಕವಿದೆ: ಐಎಸ್ 2551. ಕನಿಷ್ಠ 1.6 ಮಿ.ಮೀ. ದಪ್ಪದ ಉಕ್ಕಿನ ತಗಡು, ಹಿಂದೆ ಮುಂದೆ ಎನಾಮೆಲ್, ಕೆಂಪು ಅಕ್ಷರ. 415 ವೋಲ್ಟ್ ಇರುವಲ್ಲಿ 200×150 ಮಿ.ಮೀ., 11 ಕೆವಿ ಮತ್ತು ಅದಕ್ಕೂ ಮೇಲಿರುವಲ್ಲಿ 250×200. ಹಿಂದಿ ಅಥವಾ ಇಂಗ್ಲಿಷಿನ ಜೊತೆಗೆ ಜಿಲ್ಲೆಯ ಭಾಷೆಯಲ್ಲೂ ಬರೆದಿರಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳು ಹೇಳಿದವು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಗಳೂ ಅದನ್ನು ಉಳಿಸಿಕೊಂಡವು. ಆ ತಗಡಿನ ಮೇಲಿನ ಕನ್ನಡದ ‘ಅಪಾಯ’ಕ್ಕೆ ಹೀಗೆ ಕಾನೂನಿನ ಬಲವಿದೆ.

ದಾರಿಹೋಕರಿಗೆ ಇಷ್ಟು ಸಾಕು. ಮುಟ್ಟಬೇಡಿ, ಹತ್ತಬೇಡಿ ಎಂಬುದು ತಲುಪಿದರೆ ಫಲಕದ ಕೆಲಸ ಮುಗಿಯಿತು. ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಮಾತ್ರ ಆ ಬಾಗಿಲನ್ನು ತೆರೆಯಲೇಬೇಕು. ಒಳಗೆ ಕರೆಂಟಿದೆ ಎಂಬುದು ಅವರಿಗೆ ಮೊದಲೇ ಗೊತ್ತು. ಮೇನ್ ಆಫ್ ಮಾಡಿದ ಮೇಲೂ ಏನು ಉಳಿದಿರುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಲೇಬಲ್ ಮೊದಲು ಹೇಳಬೇಕಾದದ್ದು ಅದನ್ನು.

ಮೋಟಾರಿನ ವೇಗ ಬದಲಿಸುವ ಡ್ರೈವನ್ನೇ ನೋಡಿ. 415 ವೋಲ್ಟಿನ ಮೂರು ಫೇಸ್ ಸಪ್ಲೈ ಅದರೊಳಗೆ ಡಿಸಿಗೆ ತಿರುಗಿ, ಸುಮಾರು 580 ವೋಲ್ಟಿನಲ್ಲಿ ಕೆಪಾಸಿಟರುಗಳಲ್ಲಿ ತುಂಬಿಕೊಳ್ಳುತ್ತದೆ. ಪಂಪು ನಿಲ್ಲಿಸಿದರೂ ಮಾಳಿಗೆಯ ಟ್ಯಾಂಕಿನಲ್ಲಿ ನೀರಿರುವಂತೆ, ಬ್ರೇಕರ್ ಇಳಿಸಿದರೂ ಆ ಚಾರ್ಜ್ ಅಲ್ಲೇ ಇದ್ದು ನಿಧಾನವಾಗಿ ಕರಗುತ್ತದೆ. ಯಂತ್ರಗಳ ವಿದ್ಯುತ್ ಸಾಧನಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕ ಐಇಸಿ 60204-1 ಇಲ್ಲಿ ಖಚಿತವಾಗಿದೆ: ಸಪ್ಲೈ ಕಡಿದ 5 ಸೆಕೆಂಡಿನೊಳಗೆ ಉಳಿಕೆ ವೋಲ್ಟೇಜ್ 60ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯಬೇಕು, ಅದರಿಂದ ಸಾಧನದ ಕೆಲಸಕ್ಕೇ ಅಡ್ಡಿಯಾಗುವಂತಿದ್ದರೆ, ಬಾಗಿಲು ತೆರೆಯುವ ಮುನ್ನ ಎಷ್ಟು ಹೊತ್ತು ಕಾಯಬೇಕೆಂಬುದು ಬಾಳಿಕೆಯ ಲೇಬಲ್ಲಿನಲ್ಲಿ ಕಾಣಬೇಕು. ‘ಎಚ್ಚರಿಕೆ’ ಎಂಬ ಒಂಟಿ ಪದಕ್ಕಿಂತ ‘ಮೇನ್ ಆಫ್ ಮಾಡಿ 10 ನಿಮಿಷ ಕಾಯಿರಿ’ ಎಂಬ ಸಾಲಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನಿಮಿಷದ ಲೆಕ್ಕ ಅಂದಾಜಿನದಾಗಬಾರದು, ಡ್ರೈವ್ ತಯಾರಕರು ಕೊಟ್ಟದ್ದೇ ಆಗಿರಬೇಕು.

ಎರಡನೆಯ ಸಪ್ಲೈ ಇನ್ನೂ ಮೋಸದ್ದು. ಕಂಟ್ರೋಲ್ ವೈರು ಪಕ್ಕದ ಪ್ಯಾನೆಲಿನಿಂದ ಬಂದಿರಬಹುದು, ಯುಪಿಎಸ್ ಎಲ್ಲೋ ಮೂಲೆಯಲ್ಲಿರಬಹುದು, ಜನರೇಟರ್ ತಾನಾಗಿಯೇ ಸ್ಟಾರ್ಟ್ ಆಗಬಹುದು. ಚಾವಣಿಯ ಸೋಲಾರ್ ಫಲಕಗಳಂತೂ ಬೆಳಕಿರುವಷ್ಟು ಹೊತ್ತೂ ಡಿಸಿ ಕೊಡುತ್ತವೆ. ಮೀಟರಿನ ಬಳಿ ಮೇನ್ ಇಳಿಸಿದರೂ ಫಲಕದಿಂದ ಇನ್ವರ್ಟರಿಗೆ ಬರುವ ಕೇಬಲಿನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಇಂಥಲ್ಲಿ ‘ಈ ಪ್ಯಾನೆಲ್‌ಗೆ ಎರಡು ಸಪ್ಲೈ’ ಎಂದಷ್ಟೇ ಬರೆದರೆ ಅರ್ಧ ಕೆಲಸವಾದಂತೆ. ಎರಡನೆಯದನ್ನು ಎಲ್ಲಿ ಆಫ್ ಮಾಡಬೇಕೆಂದೂ ಬರೆಯಬೇಕು. ಮೇನ್ ಆಫ್ ಮಾಡಿದರೂ ಜೀವಂತವಾಗಿರುವ ವೈರುಗಳಿಗೆ ಕಿತ್ತಳೆ ಬಣ್ಣವನ್ನು ಅದೇ ಐಇಸಿ 60204-1 ಮಾನಕ ಸೂಚಿಸುತ್ತದೆ.

ಇನ್ನು ರೂಪದ ಮಾತು. ಹಳದಿ ತ್ರಿಕೋನದಲ್ಲಿ ಕಪ್ಪು ಮಿಂಚಿನ ಗುರುತು ಐಎಸ್‌ಓ 7010ರ ಪಟ್ಟಿಯಲ್ಲಿ ಡಬ್ಲ್ಯು 012. ಕಡೇಪಕ್ಷ ಅರ್ಧಭಾಗ ಹಳದಿಯಿರಬೇಕು. ಬಣ್ಣ ಸರಿಯಾಗಿ ಗುರುತಿಸಲಾಗದವರಿಗೂ ತ್ರಿಕೋನದ ಆಕಾರ ಎಚ್ಚರಿಕೆಯನ್ನು ಮುಟ್ಟಿಸುತ್ತದೆ. ಕೈ ಹಿಡಿಯ ಮೇಲೆ ಬೀಳುವ ಮೊದಲೇ ಲೇಬಲ್ ಕಣ್ಣಿಗೆ ಬೀಳಬೇಕು. ಬಿಚ್ಚಿ ತೆಗೆಯುವ ಮುಚ್ಚಳದ ಮೇಲೆ ಮಾತ್ರ ಅಂಟಿಸುವುದು ತಪ್ಪು. ಒಂದೇ ಅಳತೆಯ ಮುಚ್ಚಳಗಳು ಸರ್ವಿಸ್ ಮುಗಿಯುವಾಗ ಅದಲುಬದಲಾದರೆ ಲೇಬಲ್ಲೂ ಬೇರೆ ಪ್ಯಾನೆಲಿಗೆ ಹೋಗುತ್ತದೆ. ಹತ್ತಾರು ಸ್ಟಿಕ್ಕರ್ ಒತ್ತಾಗಿ ಅಂಟಿಸಿದ ಬಾಗಿಲನ್ನು ಯಾರೂ ಓದುವುದಿಲ್ಲ.

ಬಿಸಿಲಿಗೆ ಅಗ್ಗದ ಕೆಂಪು ಶಾಯಿ ಬೇಗ ಮಾಸುತ್ತದೆ. ಕಪ್ಪಿನ ಸಣ್ಣಕ್ಷರ ಉಳಿದು ‘ಅಪಾಯ’ವೇ ಮಾಯವಾಗುತ್ತದೆ. ಎಷ್ಟೋ ವಿದ್ಯುತ್ ಉಪಕರಣಗಳ ಗುರುತುಗಳನ್ನು ಮೊದಲು ನೀರಿನ ಬಟ್ಟೆಯಿಂದ 15 ಸೆಕೆಂಡು, ಆಮೇಲೆ ಪೆಟ್ರೋಲಿಯಂ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ 15 ಸೆಕೆಂಡು ಉಜ್ಜಿ ಪರೀಕ್ಷಿಸುತ್ತಾರೆ. ಎಣ್ಣೆಯ ಕೈ ತಗಲುವ ವರ್ಕ್‌ಶಾಪಿಗೆ ಕೊಳ್ಳುವ ಲೇಬಲ್ಲಿಗೂ ಅಷ್ಟು ಗಟ್ಟಿತನ ಕೇಳುವುದು ಹೆಚ್ಚಲ್ಲ.

ಕನ್ನಡ ಬಾರದ ಒಡಿಶಾ, ಬಿಹಾರದ ಹುಡುಗರು ಅದೇ ಪ್ಯಾನೆಲ್ ಮುಂದೆ ದುಡಿಯುತ್ತಿದ್ದರೆ, ಕನ್ನಡದ ಸಾಲಿನ ಕೆಳಗೆ ಅವರ ಭಾಷೆಯ ಸಾಲೂ ಬರಲಿ. ಕಾನೂನು ಕೇಳುವುದು ಕನಿಷ್ಠವನ್ನು. ಅದಕ್ಕಿಂತ ಹೆಚ್ಚು ಬರೆಯಲು ಅಡ್ಡಿಯೇನಿಲ್ಲ. ಹೊಸ ಸಪ್ಲೈ ಜೋಡಿಸಿದ ದಿನವೇ ಹೊಸ ಲೇಬಲ್ ಅಂಟಿಸಿ, ಹಳೆಯದನ್ನು ಕಿತ್ತು ತೆಗೆದ ಮೇಲೆಯೇ ಕೆಲಸ ಮುಗಿಯಿತೆಂದು ಸಹಿ ಹಾಕುವ ಪದ್ಧತಿ ಪ್ರತಿ ಕಾರ್ಖಾನೆಯಲ್ಲೂ ಬೇಕು.