ಒಂಬತ್ತನೇ ತಿಂಗಳಲ್ಲಿ ಮಗು ಸುಮ್ಮನಾಗುವುದಿಲ್ಲ

"ದಿನ ತುಂಬ್ತಾ ಬಂತಲ್ಲ, ಒಳಗೆ ಜಾಗ ಎಲ್ಲಿದೆ? ಅದಕ್ಕೇ ಮಗು ಆಡೋದು ಕಡಿಮೆ ಮಾಡಿದೆ. ಏನೂ ಆಗಲ್ಲ, ಹೆದರಬೇಡ."

ಈ ಮಾತನ್ನು ನಾನು ಅತ್ತೆಯರ ಬಾಯಲ್ಲಿ ಕೇಳಿದ್ದೇನೆ, ಎರಡು ಹೆತ್ತ ಅಕ್ಕಂದಿರ ಬಾಯಲ್ಲಿ ಕೇಳಿದ್ದೇನೆ, ಡಿಗ್ರಿ ಮುಗಿಸಿದ ಗಂಡಂದಿರ ಬಾಯಲ್ಲೂ ಕೇಳಿದ್ದೇನೆ. ಹೇಳುವವರ ದನಿಯಲ್ಲಿ ಕಕ್ಕುಲಾತಿಯೇ ಇರುತ್ತದೆ. ಬಸುರಿಯ ಸುತ್ತ ನಮ್ಮಲ್ಲಿ ಓಡಾಡುವ ನೂರೆಂಟು ನಂಬಿಕೆಗಳಲ್ಲಿ ಹೆಚ್ಚಿನವನ್ನು ಕೇಳಿಯೂ ತಾಳಿಕೊಳ್ಳಬಲ್ಲೆ. ಇದೊಂದನ್ನು ಕೇಳಿದರೆ ಮಾತ್ರ ತಡೆಯಲಾಗುವುದಿಲ್ಲ. ಇದು ಸುಳ್ಳು. ಈ ಸುಳ್ಳನ್ನು ನಂಬಿ "ಬೆಳಗಾಗಲಿ, ನೋಡೋಣ" ಎಂದು ಕಳೆದ ಒಂದು ರಾತ್ರಿ ಮಗುವಿನ ಜೀವಕ್ಕೇ ಎರವಾಗಬಹುದು.

2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ. ಆ ದಿನ ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ಗಂಟೆ ಕೂತರೆ ಸಾಕು, ತುಂಬು ಬಸುರಿಯರ ಆತಂಕಗಳೆಲ್ಲ ಕಿವಿಗೆ ಬೀಳುತ್ತವೆ. ಪ್ಲಾಸ್ಟಿಕ್ ಕವರಿನಲ್ಲಿ ತಾಯಿ ಕಾರ್ಡ್ ಹಿಡಿದು ಕೂತ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಹೆಂಗಸರು ಐದು ನಿಮಿಷದಲ್ಲಿ ಅಕ್ಕತಂಗಿಯರಾಗಿಬಿಡುತ್ತಾರೆ. ಕಾಲು ಊದಿದ್ದು, ಎದೆ ಉರಿ, ರಾತ್ರಿಯೆಲ್ಲ ಬಾತ್‌ರೂಮಿಗೆ ಎದ್ದು ಓಡುವುದು, ನೋವು ಬಂದಂತಾಗಿ ನಿಂತುಹೋಗುವುದು, ತವರಿಗೆ ಯಾವಾಗ ಕಳಿಸುತ್ತಾರೋ ಎಂಬ ಕಾತರ, ಎಲ್ಲವೂ ಅಲ್ಲಿ ಹಂಚಿಕೆಯಾಗುತ್ತವೆ. ಈ ಹಂಚಿಕೆಯ ಬಗ್ಗೆ ನನಗೆ ಗೌರವವಿದೆ. ಡಾಕ್ಟರ ಮುಂದೆ ಎರಡು ನಿಮಿಷದಲ್ಲಿ ಹೇಳಲಾಗದ್ದನ್ನು ಹೆಣ್ಣುಮಕ್ಕಳು ಅಲ್ಲಿ ಹೇಳಿಕೊಂಡು ಹಗುರಾಗುತ್ತಾರೆ.

ಅಂಥ ಒಂದು ಬೆಂಚಿನಲ್ಲಿ ಚೊಚ್ಚಲ ಬಸುರಿಯೊಬ್ಬಳು ಪಕ್ಕದವಳಿಗೆ ಮೆಲ್ಲಗೆ ಹೇಳಿದಳು: "ನಿನ್ನೆ ಸಂಜೆಯಿಂದ ಯಾಕೋ ಮಗು ಅಷ್ಟಾಗಿ ಆಡ್ತಿಲ್ಲಕ್ಕಾ." ಅವಳು ಮಾತು ಮುಗಿಸುವ ಮೊದಲೇ ಮೂವರು ಉತ್ತರ ಕೊಟ್ಟಾಗಿತ್ತು. ಒಬ್ಬಳು ಜಾಗ ಸಾಲುತ್ತಿಲ್ಲ ಎಂದಳು. ಇನ್ನೊಬ್ಬಳು ತಲೆ ಕೆಳಗಿಳಿದಿರಬೇಕು ಎಂದಳು. ಮೂರನೆಯವಳು ಹೆಣ್ಣಿರಬೇಕು, ಸಾಧು ಸ್ವಭಾವ ಎಂದಳು. ಹುಡುಗಿ ಸಮಾಧಾನಗೊಂಡವಳಂತೆ ತಲೆಯಾಡಿಸಿದಳು. ಅಷ್ಟರಲ್ಲಿ ಅಲ್ಲೇ ಬಿಪಿ ನೋಡುತ್ತಿದ್ದ ಸಿಸ್ಟರ್ ಕಿವಿಗೆ ಅದು ಬಿತ್ತು. ಅವರು ಕಾರ್ಡುಗಳ ರಾಶಿಯಿಂದ ಅವಳದ್ದನ್ನು ಎಳೆದು ತೆಗೆದು, ಸರದಿಯನ್ನೂ ನೋಡದೆ ಒಳಗೆ ಕರೆದುಕೊಂಡು ಹೋದರು.

ಒಳಗೆ ಮಾಡುವುದು ಎನ್‌ಎಸ್‌ಟಿ ಎಂಬ ಪರೀಕ್ಷೆ. ಹೊಟ್ಟೆಗೆ ಎರಡು ಬೆಲ್ಟ್ ಕಟ್ಟುತ್ತಾರೆ. ಒಂದು ಮಗುವಿನ ಎದೆಬಡಿತ ಹಿಡಿಯುತ್ತದೆ, ಇನ್ನೊಂದು ಗರ್ಭಕೋಶ ಬಿಗಿಯಾಗುವುದನ್ನು ಗುರುತಿಸುತ್ತದೆ. ತಾಯಿಯ ಕೈಗೆ ಒಂದು ಗುಂಡಿ ಕೊಟ್ಟು, ಮಗು ಮಿಸುಕಿದಾಗಲೆಲ್ಲ ಒತ್ತು ಎನ್ನುತ್ತಾರೆ. ಯಂತ್ರದಿಂದ ಪೇಪರ್ ಪಟ್ಟಿ ಹೊರಗೆ ಬರುತ್ತಾ ಹೋಗುತ್ತದೆ. ಮಗು ಕದಲಿದೊಡನೆ ಎದೆಬಡಿತದ ಗೆರೆ ಮೇಲೇರಿ ಇಳಿದರೆ ಒಳ್ಳೆಯ ಲಕ್ಷಣ. ಸಾಮಾನ್ಯವಾಗಿ 20 ನಿಮಿಷದ ಕೆಲಸ, ಮಗು ನಿದ್ದೆಯಲ್ಲಿದ್ದರೆ 40 ನಿಮಿಷ. ಸೂಜಿಯಿಲ್ಲ, ನೋವಿಲ್ಲ. ಆ ಹುಡುಗಿಯ ಮಗು ಚೆನ್ನಾಗಿತ್ತು. ಸುಮ್ಮನೆ ಎಲ್ಲರಿಗೂ ತೊಂದರೆ ಕೊಟ್ಟೆ ಎನ್ನುವ ನಾಚಿಕೆಯಲ್ಲಿ ತಲೆ ತಗ್ಗಿಸಿ ಹೊರಗೆ ಬಂದಳು. ನಾಚಬೇಕಾದವಳು ಅವಳಾಗಿರಲಿಲ್ಲ.

ಜಾಗದ ಮಾತಿಗೆ ಬರೋಣ. 34ರಿಂದ 36ನೇ ವಾರದ ಹೊತ್ತಿಗೆ ಗರ್ಭದ ನೀರು ಅತಿ ಹೆಚ್ಚು, ಸುಮಾರು 800 ಮಿಲಿಲೀಟರ್ ಇರುತ್ತದೆ. ಆಮೇಲೆ ನಿಧಾನವಾಗಿ ಇಳಿಯುತ್ತದೆ, ಮಗು ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಆರನೇ ತಿಂಗಳಿನಂತೆ ಪಲ್ಟಿ ಹೊಡೆಯಲು ಆಗುವುದಿಲ್ಲ ಎಂಬುದು ನಿಜ. ಚುರುಕಾದ ಒದೆತದ ಬದಲು ಹೊರಳುವುದು, ಮೊಣಕೈ ಒತ್ತುವುದು, ಹೊಟ್ಟೆಯ ಒಂದು ಕಡೆ ಉಬ್ಬಿ ಇನ್ನೊಂದು ಕಡೆಗೆ ಜಾರುವುದು ಹೆಚ್ಚಾಗುತ್ತದೆ. ಬದಲಾಗುವುದು ಕದಲುವ ರೀತಿ. ಕದಲುವ ಸಂಖ್ಯೆ ಇಳಿಯಬಾರದು. ಸುಮಾರು 32ನೇ ವಾರದವರೆಗೆ ಏರುತ್ತಾ ಹೋಗುವ ಚಲನೆ ಆಮೇಲೆ ಒಂದು ಮಟ್ಟದಲ್ಲಿ ನಿಂತು, ಹೆರಿಗೆಯವರೆಗೂ ಹಾಗೇ ಇರುತ್ತದೆ. ತಲೆ ಕೆಳಗಿಳಿದರೂ ಅಷ್ಟೆ, ಹೆರಿಗೆ ನೋವು ಶುರುವಾದ ಮೇಲೂ ಅಷ್ಟೆ. ಗಂಡೋ ಹೆಣ್ಣೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ಮಗು ಯಾವಾಗ ಸುಮ್ಮನಿರುತ್ತದೆ? ನಿದ್ದೆ ಮಾಡುವಾಗ. ಆ ನಿದ್ದೆ ಒಂದು ಸಲಕ್ಕೆ 20ರಿಂದ 40 ನಿಮಿಷ. ಆರೋಗ್ಯವಾಗಿರುವ ಮಗು 90 ನಿಮಿಷ ಮೀರಿ ಒಂದೇ ಸಮನೆ ಮಲಗುವುದು ಅಪರೂಪ. ಅರ್ಧ ದಿನ "ಮಲಗಿದೆ" ಎನ್ನುವ ಮಾತೇ ಇಲ್ಲ. ಇನ್ನೊಂದು ಕಾರಣವನ್ನು ಯಾರೂ ಬೆಂಚಿನ ಮೇಲೆ ಹೇಳುವುದಿಲ್ಲ. ಮಾಸು ಸರಿಯಾಗಿ ಕೆಲಸ ಮಾಡದೆ ಮಗುವಿಗೆ ಆಮ್ಲಜನಕ ಸಾಲದೆ ಬಂದರೆ, ಬರಗಾಲದಲ್ಲಿ ಸಂಸಾರ ಖರ್ಚು ಕಡಿತ ಮಾಡುವಂತೆ, ಆ ಪುಟ್ಟ ದೇಹ ಬೇಡದ ಖರ್ಚನ್ನು ಮೊದಲು ನಿಲ್ಲಿಸುತ್ತದೆ. ರಕ್ತವನ್ನು ಮೆದುಳಿಗೆ, ಹೃದಯಕ್ಕೆ ಮೀಸಲಿಡುತ್ತದೆ. ಕೈಕಾಲು ಆಡಿಸುವುದನ್ನು ಕಡಿಮೆ ಮಾಡುತ್ತದೆ. ಎದೆಬಡಿತ ಇನ್ನೂ ಇರುತ್ತದೆ. ಈ ಹಂತದಲ್ಲಿ ಆಸ್ಪತ್ರೆ ಮುಟ್ಟಿದರೆ ಏನಾದರೂ ಮಾಡುವುದಕ್ಕೆ ಸಮಯವಿರುತ್ತದೆ. "ಜಾಗ ಇಲ್ಲ" ಎಂಬ ಸಮಾಧಾನ ತಿಂದುಹಾಕುವುದು ಸರಿಯಾಗಿ ಈ ಸಮಯವನ್ನೇ.

ಬ್ರಿಟನ್ನಿನ ರಾಯಲ್ ಕಾಲೇಜಿನ ಪ್ರಸೂತಿ ತಜ್ಞರು 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಎರಡು ಅಂಕಿಗಳಿವೆ. ಹೊಟ್ಟೆಯಲ್ಲೇ ಮಗುವನ್ನು ಕಳೆದುಕೊಂಡ ತಾಯಂದಿರಲ್ಲಿ ಶೇಕಡ 55ರಷ್ಟು ಮಂದಿಗೆ, ವಿಷಯ ಗೊತ್ತಾಗುವ ಮೊದಲೇ ಚಲನೆ ಕಡಿಮೆಯಾದದ್ದು ಅನುಭವಕ್ಕೆ ಬಂದಿತ್ತು. ಇನ್ನೊಂದು ಕಡೆ, ಒಮ್ಮೆ ಚಲನೆ ಕಡಿಮೆಯಾಯಿತೆಂದು ಬಂದವರಲ್ಲಿ ಶೇಕಡ 70ರಷ್ಟು ಮಂದಿಯ ಬಸುರಿಗೆ ಯಾವ ತೊಡಕೂ ಆಗಲಿಲ್ಲ. ಎರಡನ್ನೂ ಒಟ್ಟಿಗೆ ಓದಬೇಕು. ಗಾಬರಿಬೀಳುವಂಥದ್ದು ಹೆಚ್ಚಿನ ಸಲ ಇರುವುದಿಲ್ಲ, ಆದರೆ ಇದೆಯೋ ಇಲ್ಲವೋ ಎಂಬುದನ್ನು ಬೆಂಚಿನ ಮೇಲೆ ಕೂತವರು ಹೇಳಲಾರರು. ಪರೀಕ್ಷೆ ಮಾತ್ರ ಹೇಳಬಲ್ಲದು.

ಎಷ್ಟು ಒದೆತ ಎಣಿಸಬೇಕು ಎಂದು ಕೇಳುವವರಿದ್ದಾರೆ. 1976ರಲ್ಲಿ ಕಾರ್ಡಿಫ್‌ನಿಂದ ಬಂದ ಪದ್ಧತಿ 12 ಗಂಟೆಯಲ್ಲಿ ಹತ್ತು ಎಂದಿತ್ತು. ನಮ್ಮ ಆಸ್ಪತ್ರೆಗಳಲ್ಲಿ ಅದನ್ನು ಹೇಳಿಕೊಡುವವರು ಈಗಲೂ ಇದ್ದಾರೆ. ನನ್ನ ಮಟ್ಟಿಗೆ ಸಂಖ್ಯೆಗಿಂತ ಆ ಮಗುವಿನ ದಿನನಿತ್ಯದ ರೂಢಿ ಮುಖ್ಯ. ಸಾಮಾನ್ಯವಾಗಿ ಸಂಜೆ ಮತ್ತು ರಾತ್ರಿ ಹೊತ್ತು ಮಕ್ಕಳು ಹೆಚ್ಚು ಆಡುತ್ತವೆ. ತಾಯಿ ಮನೆಗೆಲಸದಲ್ಲಿದ್ದಾಗ ಗಮನಕ್ಕೆ ಬರದೇ ಹೋಗಬಹುದು. ಅನುಮಾನ ಬಂದರೆ ಒಂದು ಮಗ್ಗುಲಿಗೆ ಮಲಗಿ, ಫೋನು ಟಿವಿ ಬದಿಗಿಟ್ಟು, ಹೊಟ್ಟೆಯ ಮೇಲೇ ಗಮನವಿಟ್ಟು ಎಣಿಸಬೇಕು. ಎರಡು ಗಂಟೆಯಲ್ಲಿ ಸ್ಪಷ್ಟವಾಗಿ ಹತ್ತು ಸಲ ಕದಲದಿದ್ದರೆ ಹೊರಡಬೇಕು. ಬಿಕ್ಕಳಿಕೆ ಲೆಕ್ಕಕ್ಕಿಲ್ಲ. ಪೂರ್ತಿ ನಿಂತೇ ಹೋಗಿದ್ದರೆ ಆ ಎರಡು ಗಂಟೆಯೂ ಕಾಯಕೂಡದು.

ತಣ್ಣೀರು ಕುಡಿ, ಬೆಲ್ಲ ತಿನ್ನು, ಜ್ಯೂಸ್ ಕುಡಿ, ಮಗು ಏಳುತ್ತೆ ಎನ್ನುತ್ತಾರೆ. ಕುಡಿಯಲಿ, ತಿನ್ನಲಿ, ಅದನ್ನೇ ಪರೀಕ್ಷೆ ಎಂದುಕೊಂಡು ಕಾಯುತ್ತಾ ಕೂರದಿರಲಿ. ಅದಕ್ಕಿಂತ ಕೆಟ್ಟದ್ದು ಮನೆಯಲ್ಲೇ ಮಗುವಿನ ಎದೆಬಡಿತ ಕೇಳಲೆಂದು ಆನ್‌ಲೈನಿನಲ್ಲಿ ಮಾರುವ ಡಾಪ್ಲರ್ ಯಂತ್ರ. ಎದೆಬಡಿತ ಕೇಳಿಸಿತೆಂದರೆ ಮಗು ಕ್ಷೇಮ ಎಂದು ಅರ್ಥವಲ್ಲ. ಕಷ್ಟದಲ್ಲಿರುವ ಮಗುವಿನ ಎದೆಯೂ ಬಡಿಯುತ್ತಿರುತ್ತದೆ. ಅಭ್ಯಾಸವಿಲ್ಲದವರು ತಾಯಿಯದೇ ನಾಡಿಬಡಿತವನ್ನು ಮಗುವಿನದೆಂದು ತಿಳಿದುಬಿಡುವುದೂ ಉಂಟು.

ಒಂದು ವಿಷಯವನ್ನು ಮುಚ್ಚಿಡಬಾರದು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಬಸುರಿಯರನ್ನು ಒಳಗೊಂಡ ಒಂದು ದೊಡ್ಡ ಪ್ರಯೋಗ ನಡೆದು, ಫಲಿತಾಂಶ 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ತಾಯಂದಿರಿಗೆ ಚಲನೆಯ ಬಗ್ಗೆ ಅರಿವು ಮೂಡಿಸಿ, ಬಂದವರನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರೂ ಹೊಟ್ಟೆಯಲ್ಲೇ ಸಾಯುವ ಶಿಶುಗಳ ಪ್ರಮಾಣ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಸಿಸೇರಿಯನ್ ಮಾತ್ರ ಹೆಚ್ಚಾಯಿತು. "ಸುಮ್ಮಸುಮ್ಮನೆ ಹೋದ್ರೆ ಕೊಯ್ದುಬಿಡ್ತಾರೆ" ಎಂದು ನಮ್ಮ ಜನ ಹೆದರುವುದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಆ ಪ್ರಯೋಗ ಕೇಳಿದ್ದು ಆಸ್ಪತ್ರೆಗಳು ಒಂದು ಇಡೀ ವ್ಯವಸ್ಥೆಯನ್ನು ಬದಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆ. ಚಲನೆ ಕಡಿಮೆಯಾದರೆ ಮನೆಯಲ್ಲೇ ಕೂರಬಹುದು ಎಂದು ಅದು ಎಲ್ಲೂ ಹೇಳಿಲ್ಲ. ಬೆಲ್ಟ್ ಕಟ್ಟಿಸಿಕೊಳ್ಳುವುದು ಬೇರೆ, ಆಪರೇಷನ್ನಿಗೆ ಒಪ್ಪುವುದು ಬೇರೆ. ಎರಡರ ನಡುವೆ ಪ್ರಶ್ನೆ ಕೇಳುವ ಹಕ್ಕು ತಾಯಿಗೆ ಇದ್ದೇ ಇದೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಕೇಸರಿ ಹಾಲು ಮಗುವಿನ ಬಣ್ಣ ಬದಲಿಸುವುದಿಲ್ಲ. ಕಬ್ಬಿಣದ ಮಾತ್ರೆ ಕಪ್ಪು ಮಾಡುವುದು ತಾಯಿಯ ಮಲವನ್ನು, ಮಗುವನ್ನಲ್ಲ. ಈ ಹೆದರಿಕೆಗೆ ಮಾತ್ರೆಯನ್ನು ಕದ್ದು ಎಸೆಯುವವರು ಹೆರಿಗೆಯಲ್ಲಿ ಹೋಗುವ ರಕ್ತದ ಬಗ್ಗೆ ಯೋಚಿಸಬೇಕು. ಎದ್ದು ಕೂತೇ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂದು ನಿದ್ದೆಗೆಟ್ಟ ತುಂಬು ಬಸುರಿಯನ್ನು ರಾತ್ರಿಯೆಲ್ಲ ಎಬ್ಬಿಸಿ ಕೂರಿಸುವುದು ಬೇಡ. ನಾಲ್ಕೈದು ಹೆರಿಗೆಗಳಲ್ಲಿ ಒಂದರಲ್ಲಿ ಬಳ್ಳಿ ಕೊರಳಿಗೆ ಸುತ್ತಿರುತ್ತದೆ, ಸುತ್ತುವುದು ಮಗುವಿನದೇ ಓಡಾಟದಿಂದ, ಹೆಚ್ಚಿನ ಸಲ ಅದರಿಂದ ಏನೂ ಆಗುವುದಿಲ್ಲ. 28 ವಾರದ ನಂತರ ಅಂಗಾತ ಮಲಗಿ ನಿದ್ದೆಹೋಗದೆ ಎಡಕ್ಕೋ ಬಲಕ್ಕೋ ಮಲಗುವುದು ಒಳ್ಳೆಯದು. ನಡುವೆ ಎಚ್ಚರವಾದಾಗ ಅಂಗಾತವಾಗಿದ್ದರೆ ಮತ್ತೆ ಹೊರಳಿದರಾಯಿತು.

ಏಳು ತಿಂಗಳ ಕೂಸು ಬದುಕುತ್ತೆ, ಎಂಟು ತಿಂಗಳದ್ದು ಬದುಕಲ್ಲ ಎಂಬುದು ನಮ್ಮ ಅಜ್ಜಿಯರದಷ್ಟೇ ನಂಬಿಕೆಯಲ್ಲ. ಗ್ರೀಸಿನಲ್ಲಿ ಹಿಪ್ಪೊಕ್ರೆಟಿಸ್ ಹೆಸರಿನಲ್ಲಿ ಉಳಿದುಬಂದ ಪ್ರಾಚೀನ ಗ್ರಂಥಗಳಲ್ಲೂ ಇದೇ ಮಾತಿದೆ. ಎರಡು ಸಾವಿರ ವರ್ಷ ಹಳೆಯದಾದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ. ಒಳಗೆ ಕಳೆಯುವ ಪ್ರತಿ ವಾರವೂ ಶ್ವಾಸಕೋಶಕ್ಕೆ ಬಲ. ಎಂಟರ ಮಗು ಏಳರದಕ್ಕಿಂತ ಗಟ್ಟಿ.

ಗ್ರಹಣ ತಾಕಿದರೆ ಮಗುವಿನ ತುಟಿ ಸೀಳುತ್ತದೆ ಎಂಬ ಮಾತು ಬಂದರೆ ನನ್ನ ಬೇಸರ ಬೇರೆ ಕಾರಣಕ್ಕೆ. ಮೇಲ್ದುಟಿ ಕೂಡಿಕೊಳ್ಳುವುದು ಬಸುರಿನ ಎರಡನೇ ತಿಂಗಳಲ್ಲೇ. ಒಂಬತ್ತನೇ ತಿಂಗಳ ಗ್ರಹಣ ಅದನ್ನು ಮತ್ತೆ ಸೀಳಲು ಸಾಧ್ಯವಿಲ್ಲ. ಆದರೂ ಗ್ರಹಣದ ದಿನ ಬಸುರಿಯಿರುವ ಮನೆಯಲ್ಲಿ ಕಿಟಕಿ ಮುಚ್ಚುತ್ತಾರೆ, ಪರದೆ ಎಳೆಯುತ್ತಾರೆ, ಚಾಕು ಕತ್ತರಿ ಅಡಗಿಸುತ್ತಾರೆ, ತುಂಬು ಬಸುರಿಯನ್ನು ನೀರೂ ಕುಡಿಯದೆ ಕೂರಿಸುತ್ತಾರೆ. ಇಷ್ಟೊಂದು ಎಚ್ಚರ ವಹಿಸುವ ಶಕ್ತಿ ಆ ಮನೆಗಿದೆ! ಅದೇ ಮನೆ, ಒಳಗಿನ ಮಗು ಸುಮ್ಮನಾಗಿದೆ ಎಂದು ಅವಳೇ ಬಾಯಿಬಿಟ್ಟು ಹೇಳಿದಾಗ "ಏನೂ ಆಗಲ್ಲ" ಎನ್ನುತ್ತದೆ. ಪರಂಗಿಹಣ್ಣಿಗೆ ಹೆದರುವ, ಕೆಟ್ಟ ಕಣ್ಣಿಗೆ ಹೆದರುವ ನಾವು ಹೆದರಬೇಕಾದ ಒಂದೇ ಒಂದು ವಿಷಯದಲ್ಲಿ ಧೈರ್ಯಸ್ಥರಾಗಿಬಿಡುತ್ತೇವೆ. ಮೂಢನಂಬಿಕೆ ಅಂದರೆ ಭಯ ಎಂದಷ್ಟೇ ತಿಳಿದಿದ್ದೇವೆ. ಹಿತವಾಗಿರುವ ಕಾರಣಕ್ಕೆ ವಿಚಾರಿಸದೆ ನುಂಗುವ ಸಮಾಧಾನವೂ ಮೂಢನಂಬಿಕೆಯೇ. ಅದಕ್ಕೆ ಹಳ್ಳಿ ಪಟ್ಟಣವೆಂಬ ಭೇದವಿಲ್ಲ. ಓದಿದವರು ಅದನ್ನು ಮೊಬೈಲಿನಲ್ಲಿ ಫಾರ್ವರ್ಡ್ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಇದಕ್ಕೆಲ್ಲ ಬೇರು ಎಲ್ಲಿದೆ ಎಂದರೆ, ಬಸುರಿಯ ದೇಹದ ಬಗ್ಗೆ ಬಸುರಿಯನ್ನು ಬಿಟ್ಟು ಎಲ್ಲರಿಗೂ ಗೊತ್ತು ಎಂದು ನಾವು ನಂಬಿರುವುದರಲ್ಲಿ. ಅತ್ತೆಗೆ ಗೊತ್ತು, ನಾದಿನಿಗೆ ಗೊತ್ತು, ಎದುರುಮನೆಯವರಿಗೆ ಗೊತ್ತು. ಒಳಗಿನ ಮಗು ಎಷ್ಟು ಹೊತ್ತಿಗೆ ಏಳುತ್ತದೆ, ಊಟವಾದ ಮೇಲೆ ಯಾವ ಪಕ್ಕಕ್ಕೆ ಒತ್ತುತ್ತದೆ ಎಂದು ಬಲ್ಲವಳು ಮಾತ್ರ ಅವಳೊಬ್ಬಳೇ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಶಿಶುಗಳು ಸತ್ತು ಹುಟ್ಟುತ್ತವೆ. ಅದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. ನಮ್ಮ ದೇಶದ 2014ರ ನವಜಾತ ಶಿಶು ಕ್ರಿಯಾ ಯೋಜನೆ, ಸತ್ತು ಹುಟ್ಟುವ ಶಿಶುಗಳ ಪ್ರಮಾಣವನ್ನು 2030ರ ಹೊತ್ತಿಗೆ ಸಾವಿರ ಹೆರಿಗೆಗೆ ಹತ್ತಕ್ಕಿಂತ ಕೆಳಗೆ ತರಬೇಕೆಂದು ಗುರಿಯಿಟ್ಟಿದೆ. ಯಂತ್ರ, ವೈದ್ಯರು, ಆಂಬುಲೆನ್ಸ್ ಎಲ್ಲ ಬೇಕು. ಅವೆಲ್ಲ ಕೆಲಸಕ್ಕೆ ಬರುವುದು ಅವಳ ಮಾತನ್ನು ಯಾರಾದರೂ ನಂಬಿದ ಮೇಲೆ.

ಹೋದಾಗ ಏನು ಹೇಳಬೇಕೆಂಬುದೂ ಮುಖ್ಯ. "ಯಾಕೋ ಸರಿಯಿಲ್ಲ" ಎಂದರೆ ಚೀಟಿ ಕೊಟ್ಟು ಸಾಲಿನಲ್ಲಿ ಕೂರಿಸುತ್ತಾರೆ. ಬಾಗಿಲಲ್ಲೇ "ನನಗೆ ಇಷ್ಟು ವಾರ, ಇಷ್ಟು ಹೊತ್ತಿನಿಂದ ಮಗು ಆಡುವುದು ಕಡಿಮೆಯಾಗಿದೆ" ಎನ್ನಬೇಕು, ತಾಯಿ ಕಾರ್ಡ್ ಕೈಗೆ ಕೊಡಬೇಕು. ಬಿಪಿ, ಶುಗರ್ ಇದ್ದರೆ ಅದನ್ನೂ ಹೇಳಬೇಕು. ರಾತ್ರಿಯಾದರೆ ಹೆರಿಗೆ ವಾರ್ಡ್ ತೆರೆದಿರುತ್ತದೆ, ಗಾಡಿ ಇಲ್ಲದಿದ್ದರೆ 108 ಇದೆ, ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಬಹುದು. ಪರೀಕ್ಷೆ ಚೆನ್ನಾಗಿ ಬಂದು ಮನೆಗೆ ಮರಳಿದ ಎರಡು ದಿನಕ್ಕೆ ಮತ್ತೆ ಕಡಿಮೆಯಾದರೆ ಮತ್ತೆ ಹೋಗಬೇಕು. ಎರಡನೇ ಸಲ ಬಂದವಳನ್ನು ವೈದ್ಯರು ಮೊದಲ ಸಲಕ್ಕಿಂತ ಹೆಚ್ಚು ಜಾಗ್ರತೆಯಿಂದ ನೋಡಬೇಕು, ಅಗತ್ಯವಿದ್ದರೆ ಮಗುವಿನ ಬೆಳವಣಿಗೆ ಮತ್ತು ಗರ್ಭದ ನೀರು ನೋಡಲು ಸ್ಕ್ಯಾನ್ ಮಾಡಿಸಬೇಕು. ಅದನ್ನು ಕೇಳುವುದಕ್ಕೂ ಹಿಂಜರಿಯಬಾರದು.