ರೂಮಿನ ಬಾಡಿಗೆ ಬೇರೆ, ವಾಸ್ತವ್ಯದ ಖರ್ಚು ಬೇರೆ

ಪ್ರವಾಸಿ ತಾಣಗಳ ಹೋಟೆಲುಗಳು ಜಾಹೀರಾತಿನಲ್ಲಿ ತೋರಿಸುವುದು ಒಂದು ರೂಮಿನ ಒಂದು ರಾತ್ರಿಯ ಬಾಡಿಗೆಯನ್ನು. ಹೊರಡುವಾಗ ನಾವು ಕಟ್ಟುವುದು ಇಡೀ ವಾಸ್ತವ್ಯದ ಖರ್ಚನ್ನು. ಇವೆರಡರ ನಡುವಿನ ಅಂತರ ಎಷ್ಟಿರಬಹುದು ಎಂಬುದಕ್ಕೆ ಒಂದು ಲೆಕ್ಕ ಹಾಕಿ ನೋಡೋಣ. ಗಂಡ, ಹೆಂಡತಿ, 9 ಮತ್ತು 11 ವರ್ಷದ ಇಬ್ಬರು ಮಕ್ಕಳು ಮಡಿಕೇರಿಯಲ್ಲಿ ಎರಡು ರಾತ್ರಿ ತಂಗಬೇಕು ಎನ್ನಿ. ಆ್ಯಪ್‌ನಲ್ಲಿ ಒಂದು ರೂಮು 3,500 ರೂಪಾಯಿಗೆ ಕಾಣುತ್ತದೆ, ಅಂದರೆ ಎರಡು ರಾತ್ರಿಗೆ 7,000. ಮಕ್ಕಳಿಗೆಂದು ಹಾಕಿಸಿದ ಎಕ್ಸ್‌ಟ್ರಾ ಬೆಡ್‌ಗೆ ದಿನಕ್ಕೆ 900ರಂತೆ 1,800, ಇದೆಲ್ಲದರ ಮೇಲೆ ಶೇ. 5 ಜಿಎಸ್‌ಟಿ 440. ಬೆಳಗಿನ ತಿಂಡಿ ಸೇರಿಲ್ಲವಾದ್ದರಿಂದ ತಲೆಗೆ 250ರಂತೆ ನಾಲ್ವರಿಗೆ ಎರಡು ದಿನಕ್ಕೆ 2,000. ಒಟ್ಟು 11,240 ರೂಪಾಯಿ. ಪಕ್ಕದ ಹೋಟೆಲು ತಿಂಡಿ, ಬೆಡ್ ಎರಡನ್ನೂ ಸೇರಿಸಿ 4,800 ಹೇಳಿದ್ದರೆ, ಅಲ್ಲಿ ತೆರಿಗೆಯೂ ಸೇರಿ 10,080ಕ್ಕೆ ಮುಗಿಯುತ್ತಿತ್ತು. ದುಬಾರಿಯೆಂದು ಬಿಟ್ಟ ಹೋಟೆಲೇ ಅಗ್ಗದ್ದಾಗಿತ್ತು! ಆದ್ದರಿಂದ ಕಡಿಮೆ ಬಾಡಿಗೆಯ ರೂಮಿಗಾಗಿ ಹುಡುಕಾಡುವುದಕ್ಕಿಂತ, ಮುಂಗಡ ಕೊಡುವ ಮೊದಲೇ ಒಟ್ಟು ಮೊತ್ತವನ್ನು ಬರಹದಲ್ಲಿ ಪಡೆದುಕೊಳ್ಳುವುದು ಹೆಚ್ಚು ಲಾಭದ ಕೆಲಸ.

ತೆರಿಗೆಯನ್ನು ಹೋಟೆಲಿನವರು ಬಚ್ಚಿಟ್ಟ ಖರ್ಚು ಎನ್ನಲಾಗದು, ಆದರೆ ಅದರ ನಡೆ ತಿಳಿದಿರಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ. 5, ಅದನ್ನು ಮೀರಿದರೆ ಶೇ. 18 ಜಿಎಸ್‌ಟಿ. ಹೀಗಾಗಿ 7,500ರ ರೂಮು 7,875ಕ್ಕೆ ಸಿಕ್ಕರೆ, 7,600ರ ರೂಮಿಗೆ 8,968 ತೆರಬೇಕಾಗುತ್ತದೆ. ನೂರು ರೂಪಾಯಿ ಬಾಡಿಗೆ ಹೆಚ್ಚಿದ್ದಕ್ಕೆ ದಿನಕ್ಕೆ 1,093 ರೂಪಾಯಿ ಹೆಚ್ಚು. ಮೈಸೂರಿನಲ್ಲಿ ದಸರೆಯ ದಿನಗಳಲ್ಲಿ ಬಾಡಿಗೆ ಏರಿದಾಗ ಮಾಮೂಲಿ ರೂಮೂ ಈ ಗೆರೆ ದಾಟಿಬಿಡಬಹುದು. ಇನ್ನು ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಹೋಮ್‌ಸ್ಟೇಗಳು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ನೇರವಾಗಿ ಬುಕ್ ಮಾಡಿದಾಗ, ನೋಂದಣಿ ಸಂಖ್ಯೆಯೇ ಇಲ್ಲದ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದ್ದರೆ ಅದನ್ನು ಕೊಡಬೇಕಾಗಿಲ್ಲ.

ಹೋಟೆಲಿನವರ ವಾದವೂ ಉಂಟು. ಕೊಡಗಿನಲ್ಲಿ ಜೋರು ಮಳೆಯ ತಿಂಗಳುಗಳಲ್ಲಿ ರೂಮುಗಳು ಖಾಲಿ ಬಿದ್ದಿರುತ್ತವೆ, ಕೆಲಸದವರ ಸಂಬಳ ಮಾತ್ರ ನಿಲ್ಲುವುದಿಲ್ಲ, ಸೀಸನ್ನಿನಲ್ಲಿ ನಾಲ್ಕು ಕಾಸು ಮಾಡಿಕೊಳ್ಳದಿದ್ದರೆ ನಡೆಯುವುದು ಹೇಗೆ ಎನ್ನುತ್ತಾರೆ. ಮಾತು ನ್ಯಾಯವಾದದ್ದೇ. ಬಾಡಿಗೆ ಏರಿಸಲಿ, ಅದಕ್ಕೆ ಯಾರದೂ ತಕರಾರಿಲ್ಲ. ತಕರಾರಿರುವುದು ಅದನ್ನು ಯಾವಾಗ ಹೇಳುತ್ತಾರೆ ಎಂಬುದರ ಬಗ್ಗೆ. ಆ್ಯಪ್‌ಗಳಲ್ಲಿ ಕಡಿಮೆ ದರದಿಂದ ಹೆಚ್ಚಿನ ದರಕ್ಕೆ ಪಟ್ಟಿ ಮಾಡಿ ನೋಡುವವರೇ ಬಹಳ. ಎಲ್ಲವನ್ನೂ ಸೇರಿಸಿ ಪ್ರಾಮಾಣಿಕವಾಗಿ ದರ ಹೇಳಿದ ಹೋಟೆಲು ಆ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ, ಅರ್ಧ ಹೇಳಿ ಅರ್ಧ ಉಳಿಸಿಕೊಂಡದ್ದು ಮೇಲೇರುತ್ತದೆ. ಪ್ರವಾಸಿಗನ ಜೇಬಿನ ಜೊತೆಗೆ ಒಳ್ಳೆಯ ಹೋಟೆಲಿನವರ ದುಡಿಮೆಗೂ ಪೆಟ್ಟು ಬೀಳುವುದು ಹೀಗೆ. ಆರಂಭದಲ್ಲಿ ಒಂದು ಬೆಲೆ ತೋರಿಸಿ ಕೊನೆಯಲ್ಲಿ ಏರಿಸುವ ‘ಡ್ರಿಪ್ ಪ್ರೈಸಿಂಗ್’ ಮತ್ತು ಕೇಳದ ವಿಮೆ, ದೇಣಿಗೆಗಳನ್ನು ಬಿಲ್ಲಿಗೆ ಸೇರಿಸುವ ಚಾಳಿ, ಇವೆರಡನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಹಾಗಿದ್ದರೂ ಹಣ ಕಟ್ಟುವ ಮುನ್ನ ಕೊನೆಯ ಪುಟವನ್ನು ಒಮ್ಮೆ ನಿಧಾನವಾಗಿ ಓದಲೇಬೇಕು.

ರಜೆಗೆಂದು ಹೋಗಿ ಪೈಸೆ ಪೈಸೆ ಎಣಿಸುತ್ತ ಕೂತರೆ ಸಂತೋಷವೆಲ್ಲಿ ಎಂದು ಕೇಳುವವರಿದ್ದಾರೆ. ಒಟ್ಟು ಗೊತ್ತಿಲ್ಲದವರೇ ರಜೆಯುದ್ದಕ್ಕೂ ಎಣಿಸುವುದು. ರೂಮಿಗೆ ಕಾಫಿ ತರಿಸುವಾಗಲೂ ಸಂಜೆ ಕ್ಯಾಂಪ್‌ಫೈರ್ ಎಂದಾಗಲೂ ಮಕ್ಕಳು ಈಜುಕೊಳದತ್ತ ಓಡಿದಾಗಲೂ ಇದಕ್ಕೆಷ್ಟೋ ಎಂಬ ಅಳುಕು ಅವರಿಗೆ. ಮನೆಯಲ್ಲೇ ಕೂತು ಒಂದು ವಾಟ್ಸ್ಆ್ಯಪ್ ಸಂದೇಶ ಕಳಿಸಿದರೆ ಇದು ತಪ್ಪುತ್ತದೆ: “ಇಬ್ಬರು ದೊಡ್ಡವರು, 9 ಮತ್ತು 11 ವರ್ಷದ ಮಕ್ಕಳು, ಶುಕ್ರವಾರ ಮಧ್ಯಾಹ್ನದಿಂದ ಭಾನುವಾರ ಬೆಳಿಗ್ಗೆವರೆಗೆ, ತಿಂಡಿ, ಎಕ್ಸ್‌ಟ್ರಾ ಬೆಡ್, ಜಿಎಸ್‌ಟಿ ಎಲ್ಲ ಸೇರಿ ಒಟ್ಟು ಎಷ್ಟಾಗುತ್ತದೆ? ಇದರ ಹೊರತು ಬೇರೇನಾದರೂ ಕೊಡಬೇಕೆ?” ಬಾಡಿಗೆ ಕಾರಿನಲ್ಲಿ ಹೋಗುವವರು ಡ್ರೈವರ್‌ಗೆ ಮಲಗಲು ಜಾಗ ಇದೆಯೇ ಎಂದೂ, ಡಿಸೆಂಬರ್ 31ಕ್ಕೆ ಹೋಗುವವರು ಅಂದಿನ ಊಟಕ್ಕೆ ಕಡ್ಡಾಯ ಶುಲ್ಕವಿದೆಯೇ ಎಂದೂ ಕೇಳಿಬಿಡಬೇಕು. ಬಂದ ಉತ್ತರವನ್ನು ಅಳಿಸಬಾರದು.

ಎಲ್ಲ ಹೆಚ್ಚುವರಿಯೂ ಅನ್ಯಾಯವಲ್ಲ ಎಂಬುದೂ ನೆನಪಿರಲಿ. ಹೋಟೆಲುಗಳು ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಅಲ್ಲಿ ಜಗಳಕ್ಕೆ ನಿಂತು ಫಲವಿಲ್ಲ. ಸರ್ವಿಸ್ ಚಾರ್ಜ್ ಮಾತು ಬೇರೆ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ತೆಗೆಯಿರಿ ಎಂದು ಧೈರ್ಯವಾಗಿ ಹೇಳಬಹುದು. ಇದನ್ನೆಲ್ಲ ಹೊರಡುವ ಗಡಿಬಿಡಿಯಲ್ಲಿ ಗಮನಿಸುವುದು ಕಷ್ಟ. ಹಿಂದಿನ ಸಂಜೆಯೇ ರಿಸೆಪ್ಷನ್‌ನಲ್ಲಿ ಬಿಲ್ ಕೇಳಿ ವಾಟ್ಸ್ಆ್ಯಪ್ ಉತ್ತರದೊಂದಿಗೆ ಹೋಲಿಸಿ ನೋಡಿದರೆ ತಪ್ಪುಗಳು ಸಮಾಧಾನವಾಗಿ ಸರಿಹೋಗುತ್ತವೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರಿಗೆ ಆ ಬಿಲ್ಲು, ಆ ಉತ್ತರ ಎರಡೂ ಬೇಕಾಗುತ್ತವೆ.