ಹವಳದ ಲೋಕಕ್ಕೆ ತೆರೆಯುವ ಗಾಜಿನ ಕಿಟಕಿ

ಕೆರಿಬಿಯನ್ ಸಮುದ್ರದಲ್ಲಿರುವ ಬ್ರಿಟನ್ನಿನ ಸಾಗರೋತ್ತರ ಪ್ರದೇಶಕ್ಕೆ ಸೇರಿದ ಗ್ರ್ಯಾಂಡ್ ಕೇಮನ್ ದ್ವೀಪಕ್ಕೆ ಬರುವ ಬೃಹತ್ ವಿಹಾರ ನೌಕೆಗಳು ದಡಕ್ಕೆ ತಾಗುವುದಿಲ್ಲ. ರಾಜಧಾನಿ ಜಾರ್ಜ್ ಟೌನ್ ಎದುರು ಲಂಗರು ಹಾಕಿ ನಿಲ್ಲುತ್ತವೆ; ಪ್ರಯಾಣಿಕರನ್ನು ಸಣ್ಣ ದೋಣಿಗಳು ದಡ ಸೇರಿಸುತ್ತವೆ. ಕೆಲವೇ ಗಂಟೆಗಳ ಈ ಬಿಡುವಿನಲ್ಲಿ ಈಜು ಬಾರದವರಿಗೂ ಹವಳದ ದಿಬ್ಬಗಳನ್ನು ಕಣ್ಣಾರೆ ಕಾಣುವ ಅವಕಾಶವಿದೆ. 1980ರ ದಶಕದಲ್ಲಿ ಇಲ್ಲಿ ಸೇವೆ ಆರಂಭಿಸಿದ 'ಅಟ್ಲಾಂಟಿಸ್' ಪ್ರವಾಸಿ ಜಲಾಂತರ್ಗಾಮಿ ಅದಕ್ಕೆ ಸಾಧನ.

ಒಮ್ಮೆಗೆ 48 ಮಂದಿ ಕುಳಿತು, ದುಂಡನೆಯ ದೊಡ್ಡ ಕಿಟಕಿಗಳ ಮೂಲಕ ಹೊರಗೆ ನೋಡಬಹುದು. ಬ್ಯಾಟರಿಯಿಂದ ಚಲಿಸುವ ಈ ನೌಕೆ ಸುಮಾರು 100 ಅಡಿ ಆಳದವರೆಗೆ ಇಳಿಯುತ್ತದೆ. ಅಷ್ಟು ಆಳದಲ್ಲಿ ನೀರಿನ ಒತ್ತಡ ಮೇಲ್ಮೈಯಲ್ಲಿರುವುದಕ್ಕಿಂತ ನಾಲ್ಕು ಪಟ್ಟು ಹೆಚ್ಚು. ಆ ಒತ್ತಡವನ್ನು ನೌಕೆಯ ದೃಢವಾದ ಕವಚ ತಡೆಯುತ್ತದೆ. ಒಳಗೆ ಮಾತ್ರ ನಾವು ನೆಲದ ಮೇಲೆ ಉಸಿರಾಡುವ ಒತ್ತಡವೇ ಇರುತ್ತದೆ. ಆದ್ದರಿಂದ ಮುಳುಗುಗಾರರನ್ನು ಕಾಡುವ ಒತ್ತಡದ ತೊಂದರೆ ಇಲ್ಲಿಲ್ಲ. ತೊಟ್ಟಿಗಳಿಗೆ ನೀರು ತುಂಬಿದರೆ ನೌಕೆ ಇಳಿಯುತ್ತದೆ. ಒತ್ತಡದ ಗಾಳಿಯಿಂದ ಆ ನೀರನ್ನು ಹೊರದೂಡಿದರೆ ಮೇಲೇರುತ್ತದೆ.

ಹಾಗೆಂದು ಅಪಾಯವೇ ಇಲ್ಲವೆನ್ನಲಾಗದು. 2025ರ ಮಾರ್ಚ್‌ನಲ್ಲಿ ಈಜಿಪ್ಟಿನ ಹುರ್ಘಾದಾ ಬಳಿ ಪ್ರವಾಸಿ ಜಲಾಂತರ್ಗಾಮಿಯೊಂದು ಮುಳುಗಿ ಆರು ಮಂದಿ ಅಸುನೀಗಿದರು. ಶಿಸ್ತಿನ ನಿರ್ವಹಣೆಯೇ ಇಲ್ಲಿ ಜೀವರಕ್ಷೆ.

ಕೆಳಗಿಳಿದಂತೆ ಬಣ್ಣಗಳು ಮಾಯವಾಗುವುದು ಪ್ರಯಾಣಿಕರಿಗೆ ಅಚ್ಚರಿ ತರುವ ಸಂಗತಿ. ಸೂರ್ಯನ ಬೆಳಕಿನಲ್ಲಿರುವ ಕೆಂಪನ್ನು ನೀರು ಮೊದಲು ಹೀರಿಕೊಳ್ಳುತ್ತದೆ. ನೀಲಿ ಕೊನೆಯವರೆಗೂ ಉಳಿಯುತ್ತದೆ. ಕಿಟಕಿಯಿಂದ ಬರುವ ಬೆಳಕಷ್ಟೇ ಇದ್ದರೆ ಹಣೆಯ ಕುಂಕುಮವೂ ಕಪ್ಪಾಗಿ ಕಾಣುತ್ತದೆ.

ಕಿಟಕಿಯಾಚೆ ಕಾಣುವ ದಿಬ್ಬಗಳನ್ನು ಕಟ್ಟಿರುವುದು ಪುಟ್ಟ ಜೀವಿಗಳು. ನವರತ್ನಗಳಲ್ಲಿ ಒಂದೆಂದು ನಾವು ಉಂಗುರದಲ್ಲಿ ಧರಿಸುವ ಕೆಂಪು ಹವಳ ಬೇರೆ ಜಾತಿಯದು. ದಿಬ್ಬ ಕಟ್ಟುವ ಹವಳಜೀವಿಗಳು ತಮ್ಮ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಗಳಿಗೆ ಆಶ್ರಯ ನೀಡುತ್ತವೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಆಶ್ರಯದಾತನಿಗೆ ಉಣಿಸುತ್ತದೆ. ಆ ಶಕ್ತಿಯಿಂದ ಹವಳಜೀವಿ ಸುಣ್ಣದ ಗೂಡು ಕಟ್ಟುತ್ತದೆ. ಗುಂಡುಗಲ್ಲಿನಂಥ ಹವಳಗಳು ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರಿನಷ್ಟೇ. ಸಾಗರತಳದ ಶೇ 1ಕ್ಕಿಂತ ಕಡಿಮೆ ಜಾಗದಲ್ಲಿರುವ ಈ ದಿಬ್ಬಗಳು ಕಡಲ ಜೀವಪ್ರಭೇದಗಳಲ್ಲಿ ಸುಮಾರು ಕಾಲು ಭಾಗಕ್ಕೆ ಆಸರೆಯಾಗಿವೆ.

ಆದರೆ ಈ ನಂಟು ಬಹು ಸೂಕ್ಷ್ಮವಾದುದು. ಬೇಸಿಗೆಯ ಗರಿಷ್ಠ ಉಷ್ಣತೆಗಿಂತ ನೀರು ಒಂದು ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೆಯೇ ಉಳಿದರೆ ಹವಳಗಳು ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತವೆ. ಬೇಗ ತಂಪಾಗದಿದ್ದರೆ ಸಾಯುತ್ತವೆ. 2023ರಲ್ಲಿ ಕೆರಿಬಿಯನ್ ಕಡಲು ಕಂಡದ್ದು ಇದನ್ನೇ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಅದನ್ನು ನಾಲ್ಕನೆಯ ಜಾಗತಿಕ ಬಿಳಿಚುವಿಕೆಯ ಭಾಗವೆಂದು ಘೋಷಿಸಿದರು. ಇದಕ್ಕೂ ಮೊದಲೇ, 2014ರಲ್ಲಿ ಫ್ಲಾರಿಡಾದಲ್ಲಿ ಮೊದಲು ಕಂಡ ಹವಳದ ಅಂಗಾಂಶ ನಾಶದ ರೋಗ 2020ರಲ್ಲಿ ಗ್ರ್ಯಾಂಡ್ ಕೇಮನ್‌ಗೂ ಹಬ್ಬಿತ್ತು.

ದ್ವೀಪದ ಇಕ್ಕಟ್ಟು ಇಲ್ಲಿದೆ. ಪ್ರವಾಸಿಗರು ಬರುವುದು ಹವಳಕ್ಕಾಗಿ; ಅವರನ್ನು ಹೆಚ್ಚಿಸಲು ಹಡಗುಕಟ್ಟೆ ಕಟ್ಟಿದರೆ ಕುತ್ತು ಬರುವುದೂ ಹವಳಕ್ಕೇ ಎಂಬುದು ವಿರೋಧಿಗಳ ಪ್ರಮುಖ ವಾದವಾಗಿತ್ತು. 2025ರ ಏಪ್ರಿಲ್ 30ರಂದು ನಡೆದ ಜನಮತಗಣನೆಯಲ್ಲಿ ಬಹುಮತದ ಮತದಾರರು ವಿಹಾರ ನೌಕೆಗಳ ಕಟ್ಟೆ ಬೇಡವೆಂದರು. ಕಟ್ಟೆಯ ಪ್ರಶ್ನೆಗೆ ಮತಪೆಟ್ಟಿಗೆಯಲ್ಲಿ ಉತ್ತರ ಸಿಕ್ಕಿತು. ಕಡಲು ಕಾಯುವುದನ್ನು ತಡೆಯುವುದು ಮಾತ್ರ ಆ ಪುಟ್ಟ ದ್ವೀಪವೊಂದರ ಕೈಯಲ್ಲಿಲ್ಲ.